ದೊಡ್ಡಮ್ಮನ ಅರ್ಧ ಬುಟ್ಟಿ

ಎಮಲೈನ್ ದೊಡ್ಡಮ್ಮ ಒಳಗೋಡೆಯನ್ನು ಬುಟ್ಟಿಯ ಬಾಯಿಯವರೆಗೆ ಹೆಣೆಯುವಷ್ಟರಲ್ಲಿ ಅವಳ ಕಣ್ಣು ಪೂರ್ತಿ ಮಂಜಾಯಿತು. ನಮ್ಮ ಚೆರೋಕೀ ಬುಡಕಟ್ಟಿನ ಹೆಂಗಸರ ಜೋಡಿಗೋಡೆಯ ಬುಟ್ಟಿ ಅಡಿಯಿಂದ ಮೇಲೇರಿ, ಬಾಯಲ್ಲಿ ಹೊರಳಿ, ಅವೇ ಬಿದಿರು ಸೀಳುಗಳಿಂದ ಹೊರಗಡೆ ಇಳಿದು, ಮತ್ತೆ ಅಡಿಯಲ್ಲೇ ಮುಗಿಯಬೇಕು. ಅರ್ಧ ಬುಟ್ಟಿ ಎರಡು ಚಳಿಗಾಲ ಒಲೆಯ ಹಿಂದಿನ ಮೊಳೆಯಲ್ಲಿ ತೂಗಿತು. ಚಾಚಿದ ಸೀಳುಗಳು ಮುಳ್ಳುಹಂದಿಯ ಹಾಗೆ ನಿಂತಿದ್ದವು. ಅಷ್ಟುದ್ದದ ಹೊಳೆಬಿದಿರು ಈಗ ನಮ್ಮ ಬಿಗ್ ಕೋವ್ ಕಣಿವೆಯಲ್ಲಿ ಎಲ್ಲೂ ಇಲ್ಲ. ಒಂದು ಸೀಳು ಮುರಿದರೂ ಅವಳ ಕೊನೆಯ ಬುಟ್ಟಿ ಅರ್ಧಕ್ಕೇ ನಿಂತಂತೆ.

ನಾನು ಮುಗಿಸುತ್ತೇನೆ ಎಂದಾಗ ನಕ್ಕಳು. ನಾನು ಅದುವರೆಗೆ ಹೆಣೆದದ್ದು ಜೋಳ ತೊಳೆಯುವ ಜರಡಿ, ಮೀನಿನ ಬುಟ್ಟಿ, ಅಷ್ಟೇ.

"ನಿನ್ನ ಮೀನಿನ ಬುಟ್ಟಿ ಗೊತ್ತಿಲ್ವಾ? ಈ ಕಡೆ ಹೊಕ್ಕ ಮೀನು ಆ ಕಡೆಯಿಂದ ಮನೆಗೆ ಹೋಗುತ್ತೆ," ಅಂದಳು. ಆದರೆ ತಡಕಿಕೊಂಡು ಹೋಗಿ ಮೊಳೆಯಿಂದ ಬುಟ್ಟಿ ಇಳಿಸಿ ಕೊಟ್ಟವಳೂ ಅವಳೇ.

ಸೀಳುಗಳನ್ನು ತೊರೆಯಲ್ಲಿ ನೆನೆಸಿ, ಬುಟ್ಟಿಯ ಬಾಯಲ್ಲಿ ಹೊರಕ್ಕೆ ಬಗ್ಗಿಸಿದೆ. ಒಳಗೆ ಹೊಳೆಯುತ್ತಿದ್ದ ಬಿದಿರಿನ ಮೈ ತಾನಾಗಿ ಹೊರಗೆ ಹೊಳೆಯತೊಡಗಿತು. ಒಳಗೆ ಅವಳ ಕೈ, ಹೊರಗೆ ನನ್ನದು, ನಡುವೆ ಕೂದಲೆಳೆಯಷ್ಟು ಕತ್ತಲೆ.

ಪ್ರತಿ ಸೀಳೂ ಮೂರರ ಮೇಲೆ, ಮೂರರ ಕೆಳಗೆ ಹಾಯಬೇಕು. ಒಂದು ಕಡೆ ಎರಡರ ಮೇಲೇ ಹಾರಿಸಿಬಿಟ್ಟಿದ್ದೆ. ಏಳು ಸಾಲು ದಾಟಿದ ಮೇಲೆ ಅಕ್ರೋಟು ಬೇರಿನ ಕಪ್ಪು ಬಣ್ಣ ಕಟ್ಟಿದ ಸೀಳುಗಳ ಚೌಕದ ಚಿತ್ತಾರ ವಾಲಿದ್ದು ಕಂಡಿತು. ಅವಳಿಗೆ ಕಾಣುವುದಿಲ್ಲವಲ್ಲ ಎಂದುಕೊಂಡು ಸುಮ್ಮನಾದೆ. ಸಂಜೆ ಅವಳ ಹೆಬ್ಬೆರಳು ಸರಿಯಾಗಿ ಅಲ್ಲೇ ನಿಂತಿತು.

"ಬಿಚ್ಚು, ಮಗಾ."

"ಒಣಗಿದೆ ದೊಡ್ಡಮ್ಮ, ಮುರಿಯುತ್ತೆ."

"ಹಿಟ್ಟು ಸೋರೋ ಬುಟ್ಟಿ ಮುರಿದಿದ್ದಕ್ಕಿಂತ ಏನು ಕಮ್ಮಿ?"

ಬಿಚ್ಚುವಾಗ ಅವಳು ಕಿವಿಯನ್ನು ಬುಟ್ಟಿಗೆ ಆನಿಸಿ ಕೂತಳು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವಳಿಗೆ ಕೇಳಿಸುತ್ತಿತ್ತು. ಈ ಸೀಳು ನೀರು ಬೇಡುತ್ತಿದೆ ಎಂದು ನನ್ನ ಕೈ ತಡೆಯುವಳು, ಬೆರಳದ್ದಿ ಸವರುವಳು, ಕಾಯುವಳು, ಹೂಂ ಅನ್ನುವಳು. ಒಂದು ಸೀಳಿನ ಮೇಲೆ ಅವಳು ತಡೆದ ಜಾಗದಲ್ಲೇ, ಬೆಳಕಿಗೆ ಹಿಡಿದು ನೋಡಿದರೆ, ಉಗುರಿನ ಗೀರಿನಷ್ಟು ಬಿರುಕಿತ್ತು. ಏಳು ಸಾಲೂ ಬಿಚ್ಚಿದೆವು. ಒಂದೂ ಮುರಿಯಲಿಲ್ಲ.

ಹನ್ನೊಂದನೆಯ ದಿನ ಕೊನೆಯ ಸೀಳನ್ನು ಅಡಿಯಲ್ಲಿ ಸಿಕ್ಕಿಸಿ ಬುಟ್ಟಿಯನ್ನು ಅವಳ ಮಡಿಲಲ್ಲಿಟ್ಟೆ. ಅವಳು ಜೋಳದ ಹಿಟ್ಟು ಸುರಿಸಿ ಅಲುಗಿಸಿದಳು, ಅಂಗೈಯಿಂದ ಲಂಗವನ್ನು ಸವರಿ ನೋಡಿದಳು. ಒಂದು ಕಣವೂ ಉದುರಿರಲಿಲ್ಲ. ಆಮೇಲೆ ಬುಟ್ಟಿಯ ಬಾಯಿಯ ಸುತ್ತ ಬೆರಳಾಡಿಸಿದಳು, ಒಂದು ಸುತ್ತು, ಇನ್ನೊಂದು ಸುತ್ತು.

"ನಾನು ಎಲ್ಲಿ ಬಿಟ್ಟಿದ್ದೆ?" ಎಂದಳು.

ನಾನೂ ಬಗ್ಗಿ ಹುಡುಕಿದೆ. ನನ್ನ ಕಣ್ಣಿಗೂ ಸಿಗಲಿಲ್ಲ.