ಬಣ್ಣದಡಿಯ ಆರು ವೋಲ್ಟ್

ನಮ್ಮ ಯಜಮಾನರ ಹಳೆಯ ಕಾರು ಆರು ವೋಲ್ಟಿನದು, ಈಗಿನ ಕಾರುಗಳ ಅರ್ಧ. ಅದರ ದೀಪಕ್ಕಿಂತ ನಿನ್ನ ಬೋಳುತಲೆಯೇ ಹೆಚ್ಚು ಬೆಳಗುತ್ತದೆ ಎಂದು ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಹೋದ ಸಲ ಬಂದಾಗ ಛೇಡಿಸಿದ್ದರು. ಇವರಿಗೋ ಮೂಗಿನ ತುದಿಯಲ್ಲೇ ಸಿಟ್ಟು. ಮುಂದಿನ ಸಲ ನಿನ್ನನ್ನು ಸ್ಟೇಷನ್ನಿನಿಂದ ಇದರಲ್ಲೇ ಕರೆತರುತ್ತೇನೆ, ಆಗದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು.

ನಾನು ಒಳಗೊಳಗೇ ಖುಷಿಪಟ್ಟೆ. ಕಾರಿನ ಶೆಡ್ಡು ಖಾಲಿಯಾದರೆ ಅಲ್ಲಿ ನನ್ನ ಹೊಲಿಗೆ ಮಷಿನ್ ಇಟ್ಟುಕೊಳ್ಳಬೇಕೆಂದು ಎಷ್ಟೋ ವರ್ಷದ ಆಸೆ.

ಅತ್ತಿಗೆ ಬರುವ ವಾರ ಇವರು ಊಟ ನಿದ್ದೆ ಬಿಟ್ಟು ಕಾರಿನ ತುಕ್ಕು ಉಜ್ಜಿ ಬಣ್ಣ ಹೊಡೆದರು. ಒಳಗೂ ಹೊರಗೂ, ಯಾರ ಕಣ್ಣಿಗೂ ಬೀಳದ ಸಂದುಗೊಂದುಗಳಿಗೂ. ರೈಲು ಬರುವ ದಿನ ಬೆಳಿಗ್ಗೆ ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದರೆ ಕಾರು ಜಪ್ಪಯ್ಯ ಎಂದರೂ ಮಿಸುಕಲಿಲ್ಲ. ದೀಪವಿಲ್ಲ, ಹಾರ್ನಿಲ್ಲ. ಫ್ಯೂಸ್ ನೋಡಿದರು, ಬ್ಯಾಟರಿ ನೋಡಿದರು, ಕೊನೆಗೆ ನಾನೇ ಮಾಟ ಮಾಡಿಸಿದೆನೇನೋ ಎಂಬಂತೆ ನನ್ನನ್ನು ನೋಡಿದರು.

ಆಮೇಲೆ ಮೆಟ್ಟಿಲ ಮೇಲೆ ತಲೆ ಮೇಲೆ ಕೈಹೊತ್ತು ಕೂತು, ಗುಜರಿಯವನಿಗೆ ಫೋನ್ ಮಾಡು ಎಂದರು. ದನಿ ನಡುಗುತ್ತಿತ್ತು. ಹಾಳಾದ ಮಷಿನ್ ನಡುಮನೆಯಲ್ಲೇ ಬಿದ್ದಿರಲಿ ಅಂದುಕೊಂಡು, ಮೊದಲು ಮುಖ ತೊಳೆದುಕೊಂಡು ಬನ್ನಿ ಎಂದು ಒಳಗೆ ಕಳಿಸಿದೆ.

ಮದುವೆಯಾದಾಗಿನಿಂದ ಊಟಕ್ಕೆ ಕೂತಾಗೆಲ್ಲ ಇವರದು ಒಂದೇ ಪಾಠ. ಕರೆಂಟು ಹೋಗುವುದು ತಂತಿಯಲ್ಲಿ, ವಾಪಸ್ಸು ಬರುವುದು ಕಾರಿನ ಮೈಯ ಕಬ್ಬಿಣದಲ್ಲಿ. ಇರುವುದೇ ಆರು ವೋಲ್ಟು, ನಡುವೆ ಬಣ್ಣವೋ ತುಕ್ಕೋ ಇದ್ದರೆ ದಾಟುವುದಿಲ್ಲ, ಆದ್ದರಿಂದ ತಂತಿ ಮುಟ್ಟುವ ಕಡೆ ಕಬ್ಬಿಣ ಬರಿಮೈಯಲ್ಲಿ ಹೊಳೆಯುತ್ತಿರಬೇಕು. ನನಗದು ಬಾಯಿಪಾಠ. ಬಣ್ಣದ ಹುಚ್ಚಿನಲ್ಲಿ ಪಾಠ ಹೇಳಿದವರೇ ಮರೆತಿದ್ದರು. ಬ್ಯಾಟರಿಯ ದಪ್ಪ ತಂತಿಪಟ್ಟಿ ಕಾರಿನ ಮೈಗೆ ಸೇರುವ ಜಾಗಕ್ಕೂ ನುಣ್ಣಗೆ ಬಣ್ಣ ಮೆತ್ತಿತ್ತು.

ಬೋಲ್ಟು ಬಿಚ್ಚಿ, ತರಕಾರಿ ಚಾಕುವಿನಿಂದ ಗರಗರ ಕೆರೆದು, ಮತ್ತೆ ಬಿಗಿದೆ. ಇವರು ಬಂದು, ನನ್ನ ಬಲವಂತಕ್ಕೆ ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಗುರುಗುಟ್ಟಿತು, ಸ್ಟಾರ್ಟ್ ಆಯಿತು.

ಕುಣಿದಾಡುತ್ತಾರೆ ಅಂದುಕೊಂಡರೆ, ಬಾನೆಟ್ ಮುಚ್ಚಲು ಹೋದವರು ಅಲ್ಲೇ ನಿಂತುಬಿಟ್ಟರು.

"ಇಲ್ಲಿ ಬಣ್ಣ ಕೆರೆದಿದ್ದು ಯಾರು?"

"ನಾನೇ. ಕಬ್ಬಿಣ ಬರಿಮೈಲಿರಬೇಕು ಅಂತ ನೀವೇ ಹೇಳ್ತಿದ್ರಲ್ಲ."

ಅವರು ಕಾರಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿ ಬಂದರು.

"ಹಿಂದಿನ ದೀಪಾನೂ ಉರೀತಿಲ್ಲ ಕಣೇ. ಅಲ್ಲೂ ಒಂಚೂರು ಕೆರೆದುಬಿಡು. ನನ್ನ ಕೈಲಾಗಲ್ಲ."

ನಾನು ಕೆರೆದು ಮುಗಿಸುವವರೆಗೂ ಅವರು ಆಚೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು.