ರತ್ನಾವತಿಯ ಚಳಿಹುಲ್ಲು

ಬೆಳಕು ಹರಿಯುವ ಮೊದಲೇ ರತ್ನಾವತಿ ಇಡ್ಲಿಗೆ ಹಿಟ್ಟು ಹೊಯ್ದು, ಗಂಡನ ಡ್ಯೂಟಿ ಬಟ್ಟೆಗೆ ಇಸ್ತ್ರಿ ಹಾಕಿ, ಮಗ ತಿಲಕನ ಶೂಸಿನ ಮರಳು ಕೊಡವಿ, ಇಬ್ಬರಿಗೂ ಬುತ್ತಿ ಕಟ್ಟಿ, ಗಣಪತಿಯ ಪಟದೆದುರು ದೀಪ ಹಚ್ಚಿ, ಕೊನೆಗೆ ಗಂಡನ ಹಳೆಯ ಕಂಪೆನಿ ಕೋಟನ್ನು ನೈಟಿಯ ಮೇಲೆ ತೊಟ್ಟು ಅಂಗಳಕ್ಕೆ ಇಳಿಯುತ್ತಿದ್ದಳು. ಎಷ್ಟು ಮಡಚಿದರೂ ಆ ಕೋಟಿನ ತೋಳು ಅವಳ ಬೆರಳನ್ನು ನುಂಗುತ್ತಿತ್ತು. ಕೊಲ್ಲಿಯ ತೈಲದೂರು ಅಹ್ಮದಿಯ ಚಳಿಗಾಲದ ಮಂಜಿನಲ್ಲಿ, ದೂರದ ತೈಲಬಾವಿಗಳ ಬೆಂಕಿ ಆಕಾಶದ ಅಂಚಿಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದಾಗ, ಪಕ್ಕದ ಮನೆಯ ನನ್ನ ಅಡುಗೆಮನೆ ಕಿಟಕಿಯಿಂದ ನೋಡಿದರೆ ಕೋಟೊಂದೇ ಹುಲ್ಲಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ನಡೆಯುವಾಗಲೂ ಅವಳ ಕಣ್ಣು ನೆಲದಲ್ಲಿ, ಮೂಗುಬೊಟ್ಟು ಕಳೆದುಕೊಂಡವರ ಹಾಗೆ.

ಕಂಪೆನಿ ಮನೆಗಳ ಮುಂದಿನ ಲಾನಿನಲ್ಲಿ ಇದ್ದದ್ದು ನಮ್ಮ ಗರಿಕೆಯೇ. ಚಳಿ ಬಂತೆಂದರೆ ಅದು ಕಂದಾಗಿ ನಿದ್ದೆ ಹೋಗುತ್ತದೆ. ಅದರ ನಡುವೆ ಎಲ್ಲಿಂದಲೋ ಇನ್ನೊಂದು ಹುಲ್ಲು, ಎಳೆ ಹಸುರಿನದು, ಎದ್ದು ನಿಲ್ಲುತ್ತದೆ. ಹಿಂದಿನ ವರ್ಷ ರತ್ನಾವತಿ ಅದನ್ನು ಹೊಸ ಗರಿಕೆಯೆಂದೇ ತಿಳಿದು ದಿನವೂ ನೀರು ಚಿಮುಕಿಸಿ ಸಾಕಿದ್ದಳು, ಸಂಕಷ್ಟಿಗೆ ಗಣಪತಿಗೆ ಏರಿಸಿದ್ದಳು. ಏಪ್ರಿಲಿನ ಮೊದಲ ಬಿಸಿಲಿಗೇ ಅದೆಲ್ಲ ಬಿಳುಚಿ ಸತ್ತು ಅಂಗಳ ಬೋಳಾಯಿತು. "ಒಂದು ನೀರು ಹಾಕ್ಲಿಕ್ಕೂ ಆಗುದಿಲ್ವಾ ನಿಂಗೆ?" ಎಂದು ಗಂಡ ತನಿಯಪ್ಪ ರೇಗಿದ್ದ.

ಆಮೇಲೆ ಒಂದು ದಿನ ಅವಳು ಬೇಲಿಯ ಆಚೆಯಿಂದ ನನ್ನನ್ನು ಕರೆದು, ಎರಡೂ ಅಂಗೈ ಮುಂದೆ ಚಾಚಿದಳು. ಅದು ಮತ್ತೆ ನವೆಂಬರು.

"ಇಲ್ಲಿ ನೋಡಿ ಅಕ್ಕ, ಗರಿಕೆಗೆ ಗಂಟು ಗಂಟು ಉಂಟು. ಎಳೆದ್ರೆ ತುಂಡಾಗ್ತದೆ, ಬೇರು ಬರುದಿಲ್ಲ. ಇದು ನೋಡಿ, ಬುಡ ಸಮೇತ ಬಂತು. ಎಲೆ ತುದಿ ದೋಣಿ ಮೂತಿ ಹಾಗೆ. ಇಡೀ ಚಳಿಗಾಲ ದೇವರಿಗೆ ಕಳೆ ಏರಿಸಿದೆ ಮಾರಾಯ್ರೆ. ಅವನೂ ಎಂತ ಹೇಳ್ಲಿಲ್ಲ!"

"ಅವನಿಗೂ ಗೊತ್ತಾಗ್ಲಿಲ್ಲವೋ ಏನೋ," ಎಂದೆ.

"ಗಂಡಸಲ್ಲವಾ," ಎಂದಳು. ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕೆವು.

ಅದಕ್ಕೆ ನಾವು ಚಳಿಹುಲ್ಲು ಎಂದು ಹೆಸರಿಟ್ಟೆವು. ಅವಳು ನೀರು ಚಿಮುಕಿಸುವುದನ್ನು ಬಿಟ್ಟು ಅಪರೂಪಕ್ಕೆ ಆಳಕ್ಕಿಳಿಯುವಂತೆ ಹಾಯಿಸತೊಡಗಿದಳು. ಮೇಲ್ಮಣ್ಣು ಒಣಗಿದ್ದರೆ ಚಳಿಹುಲ್ಲಿಗೆ ಬದುಕು ಕಷ್ಟ, ಗರಿಕೆ ತಾಳಿಕೊಳ್ಳುತ್ತದೆ. ಇಬ್ಬನಿಗೆ ನೆಲ ಮೆತ್ತಗಿರುವಾಗ ಒಂದಿಷ್ಟು ಕಿತ್ತು, ಅಲ್ಲೇ ಎಸೆಯದೆ ಕೋಟಿನ ಜೇಬಿಗೆ ತುಂಬುತ್ತಿದ್ದಳು. "ಮಮ್ಮೀ, ಇಟ್ಸ್ ಜಸ್ಟ್ ಗ್ರಾಸ್," ಎನ್ನುತ್ತಿದ್ದ ತಿಲಕ. "ಹೌದು ಮಗಾ, ನಿನ್ನ ಸಾಕ್ಸು ಜಸ್ಟ್ ಸಾಕ್ಸು, ಅದೇ ಹೋಗಿ ತೊಳ್ಕೊಂಡು ಬರ್ತದೆ," ಎನ್ನುತ್ತಿದ್ದಳು ಇವಳು. ಆದರೂ ಮನೆಗೆಲಸದ ನಡುವೆ ಸಿಗುತ್ತಿದ್ದ ಸಮಯ ಎಷ್ಟು? ತೊಂಬತ್ತರ ಫೆಬ್ರವರಿ ಬಂದಾಗಲೂ ಅರ್ಧ ಅಂಗಳ ಚಳಿಹುಲ್ಲಿನದೇ ಆಗಿತ್ತು. ಅದರ ತುದಿಗಳಲ್ಲಿ ಬಿಳಿಯ ತೆನೆ ಇಣುಕುತ್ತಿತ್ತು.

ಆ ವಾರವೇ ತನಿಯಪ್ಪ ಹೇಳಿದ್ದು: "ಶುಕ್ರವಾರ ಸಾಹೇಬ್ರು ಫ್ಯಾಮಿಲಿ ಸಮೇತ ಊಟಕ್ಕೆ ಬರ್ತಾರೆ. ಲಾನಲ್ಲೇ ಕುರ್ಚಿ ಹಾಕುವ. ಹೀಗೇ ಹಸ್ರು ಇರ್ಲಿ, ನೀನು ಇನ್ನು ಕೈ ಹಾಕ್ಬೇಡ." ಪಾಳಿಯ ಕೆಲಸ ಬಿಟ್ಟು ಆಫೀಸಿನ ಕೆಲಸಕ್ಕೆ ಸೇರುವ ಆಸೆ ಅವನದು. ರಾತ್ರಿಪಾಳಿ ಅವನ ಕಣ್ಣಿನ ಕೆಳಗೆ ಕಪ್ಪು ಬರೆದಿತ್ತು. ಆ ಆಸೆ ಇವಳದೂ ಆಗಿತ್ತು.

"ಶುಕ್ರವಾರದವರೆಗೆ ಬಿಟ್ರೆ ಬೀಜ ಉದುರ್ತದೆ," ಎಂದಳು ನನ್ನಲ್ಲಿ. "ಉದುರಿದ್ರೆ ಬರುವ ವರ್ಷವೂ ಇದೇ ಕತೆ. ಈಗ ಕಿತ್ರೆ ಅಂಗಳ ಕಜ್ಜಿ ನಾಯಿ ಹಾಗೆ ಕಾಣ್ತದೆ. ಎಂತ ಮಾಡುದು ಹೇಳಿ?" ಕೇಳಿದವಳೇ ಅಡುಗೆಮನೆಗೆ ನಡೆದಳು.

ಆ ಆಗಸ್ಟಿನಲ್ಲಿ ಯುದ್ಧ ಬಂದು, ನಾವೆಲ್ಲ ಮನೆಯ ಬೀಗದಕೈ ಹಿಡಿದು ಮರಳುಗಾಡು ದಾಟಿ ಊರು ಸೇರಿದೆವು. ಮುಂದಿನ ಚಳಿಗಾಲದಲ್ಲಿ ಆ ಅಂಗಳವನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಈಗಲೂ ಅರೆನಿದ್ದೆಯಲ್ಲಿ ನನಗೆ ಕಾಣುವುದು ಗುರುವಾರದ ಆ ಮುಂಜಾವು, ಆ ಮಂಜು, ಆ ಕೋಟು.

ಮಾಡದಿದ್ದಾಗ ಮಾತ್ರ ಕಣ್ಣಿಗೆ ಬೀಳುವ ಕೆಲಸ ಮಾಡುತ್ತ ಬದುಕು ಸವೆಸಿದ ಹೆಂಗಸರು ನಮ್ಮಲ್ಲಿ ಬಹಳ. ಮಾಡಿದ್ದಕ್ಕೇ ಬೈಸಿಕೊಳ್ಳಬೇಕಾದ ಕೆಲಸವನ್ನು, ಇನ್ನೂ ಬಾರದ ಒಂದು ಚಳಿಗಾಲದ ಸಲುವಾಗಿ, ಯಾರನ್ನೂ ಕೇಳದೆ ಕೈಗೆತ್ತಿಕೊಳ್ಳುವವರು ಕಡಿಮೆ. ಅಂಥವರು ಹಟಮಾರಿಗಳೆಂದು ಹೆಸರಾಗುತ್ತಾರೆ. ನಿಜಕ್ಕೂ ಅವರು ಹಸುರೆಂದು ಕಂಡದ್ದನ್ನೆಲ್ಲ ನಂಬದವರು, ಅಷ್ಟೆ.

ರತ್ನಾವತಿ ಆ ಗುರುವಾರ ಬಹಳ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ಗಂಡನೂ ಮಗನೂ ಮಲಗಿದ್ದರು. ಆಮೇಲೆ ಅವಳು ಕೋಟು ಬಿಚ್ಚಿ ಹುಲ್ಲಿನ ಮೇಲೆ ಹಾಸಿ, ಮಂಡಿಯೂರಿ, ಮೊದಲ ಬುಡವನ್ನು ಮೆಟ್ಟಿಲ ಪಕ್ಕದಿಂದಲೇ ಕಿತ್ತಳು, ನಾಳೆ ಬರುವವರ ಕಣ್ಣು ಮೊದಲು ಬೀಳುವ ಜಾಗದಿಂದ.