ಚಿತ್ರದ ಬೀಗದ ಕೈ

"ಇದು ಬೀಗದ ಕೈ ಅಲ್ವಾ?" ಮಾತಿನ ಅಭ್ಯಾಸ ಮಾಡಿಸಲು ಬಂದ ಹುಡುಗಿ ಚಿತ್ರದ ಕಾರ್ಡನ್ನು ಮೂರನೇ ಸಲ ಎತ್ತಿ ಹಿಡಿದಳು.

ಹಾಸಿಗೆಯಲ್ಲಿದ್ದ ಗಂಡ ಮೂರನೇ ಸಲವೂ ಅಲ್ಲವೆಂದು ತಲೆಯಾಡಿಸಿದ. ಹುಡುಗಿ ನೋಟ್‌ಬುಕ್ಕಿನಲ್ಲಿ ತಪ್ಪೆಂದು ಗೀಟು ಹಾಕಿದ್ದನ್ನು ಕಂಡು ಪಕ್ಕದಲ್ಲಿದ್ದ ಹೆಂಡತಿಯ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಬೀಗ ರಿಪೇರಿ ಮಾಡಿದ ಮನುಷ್ಯ. ಕಣ್ಣು ಮುಚ್ಚಿ ಬೆರಳಲ್ಲಿ ಸವರಿಯೇ ಯಾವ ಬೀಗದ ಕೈ ಎಂದು ಹೇಳುತ್ತಿದ್ದವನು. ಸ್ಟ್ರೋಕ್ ಹೊಡೆದು ಹನ್ನೊಂದು ದಿನವಾಗಿತ್ತು. ಬಲಗೈಯೂ ಮಾತೂ ಒಟ್ಟಿಗೇ ಬಿದ್ದುಹೋಗಿದ್ದವು.

"ಸಾಕು ಮಾಡಿ," ಎಂದ ಬಾಗಿಲಲ್ಲಿ ನಿಂತಿದ್ದ ಮೈದುನ. "ಬೀಗದ ಕೈಯೇ ಗುರ್ತು ಸಿಗ್ತಿಲ್ಲ ಅಣ್ಣಂಗೆ. ನಿನ್ನೆ ಪಾಠ ಮುಗಿದ ಮೇಲೆ ಎಷ್ಟು ಅತ್ತ, ನೋಡಿದ್ರಲ್ಲ ಅತ್ತಿಗೆ? ಒಂದು ತುತ್ತು ಮುಟ್ಲಿಲ್ಲ. ಎರಡು ತಿಂಗಳು ಸುಮ್ನೆ ಬಿಟ್ರೆ ತಾನಾಗೇ ಬರುತ್ತೆ. ನಾಳೆಯಿಂದ ಬೇಡ ಅಂತ ಹೇಳಿಬಿಡೋಣ."

"ದಣಿವಾಗೋದು ನಿಜ," ಎಂದಳು ಹುಡುಗಿ. "ಎಲ್ಲಾ ವಾಪಸ್ ಬರುತ್ತೆ ಅಂತ ನಾನೂ ಆಣೆ ಮಾಡಲ್ಲ. ಆದ್ರೆ ಈ ಮೊದಲ ವಾರಗಳು ಕೈಬಿಟ್ಟು ಹೋದ್ರೆ ಆಮೇಲೆ ಕಷ್ಟ ಜಾಸ್ತಿ."

ಮೈದುನ ಕೆಟ್ಟವನಲ್ಲ. ಎರಡು ಗಂಟೆಗೊಮ್ಮೆ ಅಣ್ಣನ ಮಗ್ಗುಲು ಬದಲಿಸುವವನು ಅವನೇ. ಬಾಯಿ ತುಂಬ ಬೈಯುವುದಕ್ಕೂ ಆಗದಂಥವನು ಎಂದೇ ಹೆಂಡತಿಗೆ ಇನ್ನಷ್ಟು ಸಿಟ್ಟು. ಗಂಡನ ಮೇಲಂತೂ ಹೇಳತೀರದು. ಒಂದು ಸಲ ಹೂಂ ಎಂದು ತಲೆಯಾಡಿಸಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಕಾರ್ಡನ್ನು ಕಿತ್ತುಕೊಂಡು ಅವನ ಮುಖಕ್ಕೇ ಹಿಡಿದಳು. "ಇದು ಬೀಗದ ಕೈ ಅಲ್ದೆ ಇನ್ನೇನ್ರಿ? ಹೇಳಿ ಮತ್ತೆ. ನಾಳೆಯಿಂದ ಇವರೂ ಬರಲ್ಲ, ಕೇಳಿಸ್ತಾ?"

ಗಂಡನ ಮುಖ ಕೆಂಪಾಯಿತು. ಎಡಗೈ ಎತ್ತಿ ಕಾರ್ಡಿಗೆ ಬಡಿದ. ಉಗುರಿನಿಂದ ಚಿತ್ರದ ಅಂಚನ್ನು ಕೆರೆದ. ಬಾಯಿಂದ ಜೊಲ್ಲು ಇಳಿಯಿತು. ಒರೆಸಲು ಬಂದ ತಮ್ಮನ ಕೈಯನ್ನು ಅತ್ತ ತಳ್ಳಿದ.

"ಹ... ಹಲ್... ಹಲ್ಲು. ಇಲ್ಲ."

ಹೆಂಡತಿ ಕಾರ್ಡನ್ನು ತಿರುಗಿಸಿ ನೋಡಿದಳು. ಗುಂಡನೆಯ ಹಿಡಿ, ಉದ್ದನೆಯ ಕಡ್ಡಿ, ಕಡ್ಡಿಯ ತುದಿಯವರೆಗೂ ನುಣುಪು. ಬೀಗ ತೆಗೆಯಲು ಬೇಕಾದ ಒಂದು ಹಲ್ಲನ್ನೂ ಚಿತ್ರ ಬರೆದವರು ಹಾಕಿರಲಿಲ್ಲ.

"ಇದ್ರಿಂದ ಜಗತ್ತಿನ ಯಾವ ಬೀಗಾನೂ ತೆಗೆಯೋಕಾಗಲ್ಲ," ಎಂದಳು. ಕಾರ್ಡನ್ನು ಹುಡುಗಿಯ ಕಡೆ ತಿರುಗಿಸಿದಳು. "ಅವರು 'ಅಲ್ಲ' ಅಂದಿದ್ದು ಗೊತ್ತಿಲ್ದೆ ಅಲ್ಲ. ನಿಮ್ಮ ಚಿತ್ರಾನೇ ತಪ್ಪು. ಮೊದಲು ಆ ಗೀಟು ಅಳಿಸಿ."

ಹುಡುಗಿ ಅಳಿಸಿದಳು. ಇನ್ನೆರಡು ಕಾರ್ಡು ತೋರಿಸುವಷ್ಟರಲ್ಲಿ ಗಂಡ ಸೋತು ದಿಂಬಿಗೊರಗಿದ. ಇವತ್ತೂ ತುತ್ತು ಮುಟ್ಟಲಿಲ್ಲ, ಇವತ್ತೂ ಅತ್ತ. ಮೈದುನ ಊಟದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟ. ಆಮೇಲೆ, ಚಪ್ಪಲಿ ಮೆಟ್ಟುತ್ತಿದ್ದ ಹುಡುಗಿಯ ಮುಖ ನೋಡದೆ ಕೇಳಿದ: "ನಾಳೆ ಎಷ್ಟೊತ್ತಿಗೆ ಬರ್ತೀರಿ?"

ಹೆಂಡತಿ ಗಂಡನ ಬೀಗದ ಅಂಗಡಿಯ ಚೀಲದಿಂದ ಬೀಗದ ಕೈಗಳ ಗೊಂಚಲನ್ನು ತೆಗೆದು ಹಾಸಿಗೆಯ ಎಡಗಡೆ, ಅವನ ಕೈಗೆ ಎಟುಕುವಲ್ಲಿ ಇಟ್ಟಳು.